ಮೈಕ್ ಎರಡು ಹಾಲಿನಲ್ಲಿ

ನನ್ನ ಸೋದರಮಾವನಿಗೆ ಕಿವಿ ಮಂದವಾಗಿದೆ ಅನ್ನುವುದು ಅವನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು. ಅತ್ತೆ ಸೊಪ್ಪು ತನ್ನಿ ಅಂದರೆ ಉಪ್ಪು ತರುತ್ತಿದ್ದ. ಹಾಗೆ ತಂದ ಉಪ್ಪಿನ ಪ್ಯಾಕೆಟ್ಟುಗಳೇ ಅಡುಗೆಮನೆಯ ಕಪಾಟಿನಲ್ಲಿ ಒಂದು ಸಾಲು ಕೂತಿದ್ದವು. ಚಳಿಯಾಗುತ್ತಿದೆ, ಶಾಲು ಕೊಡಿ ಅಂದರೆ ಒಂದು ಲೋಟ ಹಾಲು ಬಿಸಿ ಮಾಡಿ ತಂದು ಕೈಗಿಡುತ್ತಿದ್ದ.

"ಗಂಡ ಹಾಲು ಕಾಯಿಸಿ ಕೊಡ್ತಾನೆ ಅಂತ ಪಕ್ಕದ ಮನೆಯವರಿಗೆಲ್ಲ ಹೊಟ್ಟೆಕಿಚ್ಚು. ನಾನು ಗಡಗಡ ನಡುಗ್ತಿರೋದು ಯಾರಿಗೂ ಕಾಣಲ್ಲ" ಎಂದು ಅತ್ತೆ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದರು.

ಆ ನಗು ನಿಂತದ್ದು ಸೈಕಲ್ಲಿನ ದಿನ. ಹಿಂದಿನಿಂದ ಬಂದವನು ಬೆಲ್ ಹೊಡೆದೇ ಹೊಡೆದ. ಮಾವ ಬೀದಿಯ ನಟ್ಟನಡುವೆ ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಇಬ್ಬರೂ ಬಿದ್ದರು. ಮಾವನ ಮೊಣಕೈ ತರಚಿಹೋಯಿತು, ಕನ್ನಡಕ ಎರಡು ತುಂಡಾಯಿತು. ಕಿವಿಯ ಡಾಕ್ಟರಮ್ಮ ಅವನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ದಪ್ಪ ಶಬ್ದಗಳೆಲ್ಲ ಇನ್ನೂ ಪರವಾಗಿಲ್ಲ, ಚೂಪು ಶಬ್ದಗಳು ಹೋಗಿಬಿಟ್ಟಿವೆ ಅಂದರು. ಸೈಕಲ್ ಬೆಲ್ಲು, ಹಕ್ಕಿಯ ಕೂಗು, ಮಾತಿನೊಳಗಿನ ಸ ಮತ್ತು ಶ, ಇವೆಲ್ಲ ಚೂಪಿನ ಲೆಕ್ಕಕ್ಕೇ ಬರುತ್ತವಂತೆ. ಎರಡೂ ಕಿವಿಗೆ ಮೆಷಿನ್ ಹಾಕಿಸಲೇಬೇಕು, ತಡ ಮಾಡಿದಷ್ಟೂ ಮಾತು ಹಿಡಿಯುವ ರೂಢಿಯೇ ತಪ್ಪಿಹೋಗುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಮಾವ ಬಡಪೆಟ್ಟಿಗೆ ಜಗ್ಗುವ ಆಸಾಮಿಯಲ್ಲ.

"ಹಾಕಿಸ್ಕೋತೀನಿ, ಯಾರು ಬೇಡ ಅಂದ್ರು? ಆದ್ರೆ ಅದಕ್ಕೆ ಮುಂಚೆ ಅಕ್ಕನ ಆ ಶಬ್ದವನ್ನ ಒಂದೇ ಒಂದು ಸಲ ಬರಿಗಿವೀಲಿ ಕೇಳ್ಬೇಕು. ಮೆಷಿನ್ ಒಳಗಿಂದ ಕೇಳಿದ್ರೆ ಅದು ಮೆಷಿನ್ನಿನ ಶಬ್ದ ಆಗುತ್ತೆ, ಅಕ್ಕಂದಾಗಲ್ಲ" ಅಂದ. ಅಂದವನು ಡಾಕ್ಟರಮ್ಮ ಕೊಟ್ಟ ಮೂರು ದಿನಾಂಕಗಳನ್ನೂ ಒಂದೊಂದು ನೆಪ ಹೇಳಿ ತಪ್ಪಿಸಿದ.

ಅವನು ಹೇಳುತ್ತಿದ್ದ ಅಕ್ಕ ನನ್ನ ಅಮ್ಮ. ತಾತನ ಹಾಲಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದಳು. ಮುಂದೆ ಹಾಲು ಅಳೆಯುವುದು, ಹಿಂದೆ ರಾಕ್ ಬ್ಯಾಂಡು. ಆ ಬ್ಯಾಂಡಿನಲ್ಲಿ ಮಾವ ಗಿಟಾರ್ ಬಾರಿಸುತ್ತಿದ್ದ. ಜನ ಅವನಿಗೆ ಗುಡುಗು ಎಂದು ಹೆಸರಿಟ್ಟಿದ್ದರು. ಆ ಹೆಸರು ತಂದುಕೊಟ್ಟಿದ್ದು ಒಂದೇ ಹಾಡು, ಅದರಲ್ಲೂ ಶುರುವಿನ ಗಿಟಾರ್. ಅದನ್ನು ಮಾಡಲು ಅಮ್ಮ ಆಂಪ್ಲಿಫೈಯರಿನೊಳಗೆ ಬೇಕೆಂದೇ ಒಂದು ವಾಲ್ವ್, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ಬುರುಡೆ, ಹೆಚ್ಚಿಗೆ ಹಾಕಿದ್ದಳು. ತಂತಿಯ ಸಣ್ಣ ಸದ್ದನ್ನು ಒಂದು ವಾಲ್ವ್ ಉಬ್ಬಿಸಿ ಇನ್ನೊಂದಕ್ಕೆ ಕೊಡುತ್ತದೆ, ಅದು ಇನ್ನಷ್ಟು ಉಬ್ಬಿಸಿ ಮುಂದಿನದಕ್ಕೆ ತಳ್ಳುತ್ತದೆ, ಕೊನೆಯದು ತಾಳಲಾರದೆ ಬಾಯಿಬಿಟ್ಟು ಅರಚುತ್ತದೆ. ಆ ಅರಚಾಟಕ್ಕೇ ನಮ್ಮ ಆಂಪ್ ರಿಪೇರಿ ಕಸುಬಿನಲ್ಲಿ ಹೈ ಗೇನ್ ಅನ್ನುವುದು. ಅರಚುವ ಆಂಪುಗಳು ಲೋಕದಲ್ಲಿ ಬೇಕಾದಷ್ಟಿವೆ. ಅಮ್ಮನ ರೆಕಾರ್ಡಿನಲ್ಲಿ ಆ ಗದ್ದಲದ ಮೇಲೆ ಒಂದು ಕೂಗು ಇರುತ್ತಿತ್ತು. ಲೋಹದ ಗಂಟಲಿನಿಂದ ಬಂದ ಹಾಗೆ, ಚೂಪಾಗಿ. ಅದನ್ನು ಕೇಳಿದರೆ ಈಗಲೂ ನನ್ನ ತೋಳಿನ ಕೂದಲು ನೆಟ್ಟಗಾಗುತ್ತದೆ.

ಅಮ್ಮ ಹೋಗಿ ಎಂಟು ವರ್ಷವಾಯಿತು. ಆಂಪು ಅದಕ್ಕೂ ಮುಂಚೆಯೇ ಯಾರದೋ ಕೈಗೆ ಹೋಗಿ ಮಾಯವಾಗಿತ್ತು. ಉಳಿದದ್ದು ಎರಡು: ಅವಳ ನೋಟ್‌ಬುಕ್ಕು, ಮತ್ತೆ ಆ ಹಾಡಿನ ಗಿಟಾರ್ ಮಾತ್ರ ಇರುವ ಒಂದು ಟೇಪು. ಟೇಪಿನ ಕೊನೆಯಲ್ಲಿ, ಗಿಟಾರ್ ಅಡಗಿದ ಮೇಲೆ, ದೂರದಿಂದ ಅಮ್ಮ ಏನೋ ಒಂದು ಮಾತು ಕೂಗುತ್ತಾಳೆ. ಏನು ಅಂತ ಆಮೇಲೆ ಹೇಳುತ್ತೇನೆ. ನಾನು ಸಾಮಾನ್ಯವಾಗಿ ಅಲ್ಲಿಗೆ ಬರುವ ಮೊದಲೇ ಟೇಪು ನಿಲ್ಲಿಸಿಬಿಡುತ್ತೇನೆ. ಆ ಮಾತು ಕಿವಿಗೆ ಬಿದ್ದರೆ ಅವತ್ತು ನನ್ನ ಕೈಯಲ್ಲಿ ಯಾವ ಕೆಲಸವೂ ಸಾಗುವುದಿಲ್ಲ. ಮಾವನಂತೂ ಎಂಟು ವರ್ಷದಿಂದ ಆ ಟೇಪಿನ ಮಾತೆತ್ತಿದರೇ ಎದ್ದು ಹೋಗುತ್ತಿದ್ದ. "ನನಗ್ಯಾಕೆ ಟೇಪು? ಎಲ್ಲ ತಲೇಲಿದೆ" ಅನ್ನುತ್ತಿದ್ದ.

ನಾನು ಆಂಪು, ಸ್ಪೀಕರುಗಳ ರಿಪೇರಿ ಮಾಡುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಗಿರಾಕಿಗಳು ಹೇಳುತ್ತಾರೆ, ಆದರೂ ಬರುತ್ತಾರೆ. ಡಾಕ್ಟರಮ್ಮನ ಮೂರನೆಯ ದಿನಾಂಕವೂ ತಪ್ಪಿದ ದಿನ ಅತ್ತೆ ನನ್ನ ಅಂಗಡಿಗೆ ಬಂದು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

"ಇವತ್ತು ಸೈಕಲ್ಲು, ನಾಳೆ ಲಾರಿ ಬರುತ್ತೆ. ನಿನ್ನ ಕಾಲು ಹಿಡ್ಕೋತೀನಿ, ಆ ಹಾಳು ಶಬ್ದ ಅದೇನು ಅಂತ ಮಾಡ್ಕೊಡು. ಕೇಳಿಬಿಟ್ಟು ಮೆಷಿನ್ ಹಾಕಿಸ್ಕೊಳ್ಳಲಿ" ಅಂದರು.

ಅತ್ತೆ ಹಾಗೆಲ್ಲ ಕೇಳುವವರಲ್ಲ. ಅವತ್ತೇ ನೋಟ್‌ಬುಕ್ ತೆಗೆದೆ.

ಅಮ್ಮನ ಬರವಣಿಗೆ ತಂತಿ ಕಳಿಸಿದ ಹಾಗೆ, ಒಂದು ಪದ ಹೆಚ್ಚಿಲ್ಲ. ಆಂಪಿನ ನಕ್ಷೆ ಪೂರ್ತಿ ಇತ್ತು. ಮೂರು ವಾರ ಕೂತು, ಬೆರಳು ಸುಟ್ಟುಕೊಂಡು, ಒಂದೊಂದು ವಾಲ್ವನ್ನೂ ಹುಡುಕಿ ತಂದು ಅದೇ ಆಂಪನ್ನು ಮತ್ತೆ ಕಟ್ಟಿದೆ. ಗುಂಡಿಗಳನ್ನು ಎಷ್ಟೆಷ್ಟು ತಿರುಗಿಸಬೇಕು ಅನ್ನುವುದೂ ಬರೆದಿತ್ತು. ಕೊನೆಯ ಸಾಲು ಹೀಗಿತ್ತು: "ಮೈಕ್ ಒಂದು ಹತ್ತಿರ. ಮೈಕ್ ಎರಡು ಹಾಲಿನಲ್ಲಿ."

ನಮ್ಮ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಒಂದು ಮೈಕು ಸ್ಪೀಕರಿನ ಮೂತಿಗೆ, ಇನ್ನೊಂದು ದೂರದಲ್ಲಿ, ಹಾಲಿನ ಗೋಡೆಗಳಿಗೆ ಬಡಿದು ಬರುವ ಸದ್ದಿಗೆ. ಎರಡನ್ನೂ ಬೆರೆಸಿದರೆ ಶಬ್ದಕ್ಕೆ ಮೈ ಬರುತ್ತದೆ. ಆದರೆ ಅಂಗಡಿಯ ಹಿಂದಿನ ಆ ಕೋಣೆ ಕೈಚಾಚಿದರೆ ಗೋಡೆ ಸಿಗುವಷ್ಟು ಚಿಕ್ಕದು.

"ಯಾವ ಹಾಲ್ ಮಾವ?" ಎಂದು ಕೇಳಿದೆ.

"ನನಗೇನು ಗೊತ್ತು? ನಾನು ಕಣ್ಣು ಮುಚ್ಕೊಂಡು ಬಾರಿಸ್ತಿದ್ದೆ. ಮೈಕ್ ಎಲ್ಲಿಡ್ತಾಳೆ ಅಂತ ಅವಳನ್ನ ಕೇಳೋ ಧೈರ್ಯ ಯಾರಿಗಿತ್ತು?" ಅಂದ. "ಕೋಣೆಯಿಂದ ಹೊರಗೆ ಉದ್ದಕ್ಕೆ ವೈರ್ ಎಳ್ಕೊಂಡು ಹೋಗ್ತಿದ್ದಳು, ಅಷ್ಟು ನೆನಪಿದೆ."

ವೈರ್ ಎಳೆದಿದ್ದಾಳೆ ಅಂದಮೇಲೆ ದೊಡ್ಡ ಹಾಲೇ ಸರಿ ಎಂದು ತೀರ್ಮಾನಿಸಿದೆವು. ಅಲ್ಲಿಂದ ಶುರುವಾಯಿತು ನಮ್ಮ ಹಾಲ್ ಯಾತ್ರೆ.

ಮೊದಲು ಮಾವನ ಮನೆಯ ಹಾಲು. ಆಂಪನ್ನು ಸೋಫಾದ ಪಕ್ಕ ಇಟ್ಟು, ಎರಡನೇ ಮೈಕನ್ನು ಬಾಗಿಲ ಹತ್ತಿರ, ಛತ್ರಿಗಳನ್ನು ತುರುಕಿಟ್ಟ ಡಬ್ಬದ ಪಕ್ಕದಲ್ಲಿ ನಿಲ್ಲಿಸಿದೆ. ಮಾವ ಬಾರಿಸಿದ, ರೆಕಾರ್ಡ್ ಮಾಡಿ ಹಾಕಿ ಕೇಳಿದೆವು. ಮಾವ ತಲೆ ಅಲ್ಲಾಡಿಸಿದ. ನನಗೂ ಹೌದನ್ನಿಸಲಿಲ್ಲ. ಗದ್ದಲವಿತ್ತು, ಆ ಕೂಗು ಇರಲಿಲ್ಲ.

ಆಮೇಲೆ ಶಾಲೆಯ ಹಾಲು. ಅಲ್ಲಿ ಒಂದು ಸಲ ಬಾರಿಸಿದರೆ ನಾಲ್ಕು ಸಲ ಕೇಳುತ್ತಿತ್ತು, ಯಾವುದು ಮಾವ ಯಾವುದು ಗೋಡೆ ಎಂದೇ ತಿಳಿಯಲಿಲ್ಲ. ಅದಾದ ಮೇಲೆ ಬ್ಯಾಡ್ಮಿಂಟನ್ ಹಾಲು. ಆಡುತ್ತಿದ್ದ ಇಬ್ಬರು ಹೆಂಗಸರು ಎರಡು ನಿಮಿಷ ಸಹಿಸಿಕೊಂಡರು, ಮೂರನೆಯ ನಿಮಿಷ ಒಂದು ಶಟಲ್ ಕಾಕ್ ನೇರವಾಗಿ ಮಾವನ ಹಣೆಗೆ ಬಂತು. ಕೈತಪ್ಪಿ ಬಂತು ಅಂದರು, ನಾನೇನೂ ನಂಬಲಿಲ್ಲ. ಕೊನೆಗೆ ಗ್ರಂಥಾಲಯದ ಹಾಲಿಗೂ ಹೋದೆವು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ರಜಾದಿನ, ಯಾರೂ ಇರುವುದಿಲ್ಲ ಎಂದು ಮಾವ ಬೀಗದ ಕೈಯವನನ್ನು ಒಲಿಸಿಕೊಂಡಿದ್ದ. ಗ್ರಂಥಪಾಲಕರು ಒಳಗಿನ ಕೋಣೆಯಲ್ಲಿ ಪುಸ್ತಕ ಜೋಡಿಸುತ್ತಿದ್ದರು. ಆಮೇಲೆ ನಡೆದ ಮಾತುಕತೆಯಲ್ಲಿ ಮಾವನಿಗೆ ಅರ್ಧ ಕೇಳಿಸಲಿಲ್ಲ. ಪೂರ್ತಿ ಕೇಳಿಸಿಕೊಂಡವಳು ನಾನು.

ಆಂಪನ್ನು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಅವತ್ತು ಮಧ್ಯಾಹ್ನ ಮಾವನ ಮನೆಗೆ ಬಂದು, ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದು, "ಅತ್ತೆ, ಇನ್ನು ನನ್ನ ಕೈಲಾಗಲ್ಲ. ಈ ಊರಲ್ಲಿ ಇನ್ನು ಹಾಲೇ ಉಳಿದಿಲ್ಲ" ಅಂದೆ.

ಅತ್ತೆ ಕೈ ಒರೆಸಿಕೊಂಡು ನೋಟ್‌ಬುಕ್ ಎತ್ತಿಕೊಂಡರು. ಅದನ್ನು ಅವರು ನೋಡಿದ್ದು ಅದೇ ಮೊದಲು. ತುಟಿ ಅಲ್ಲಾಡಿಸುತ್ತ ಓದಿದರು. ಪುಟ ತಿರುಗಿಸಿದರು.

"ಇಲ್ಲಿ ನೀರಿನಲ್ಲಿ ಅಂತಿದೆಯಲ್ಲ?"

"ಅದು ಬೇರೆ ಹಾಡು. ಮೈಕ್ ಎರಡು ನೀರಿನಲ್ಲಿ. ಅಮ್ಮ ಯಾರನ್ನೋ ಗೇಲಿ ಮಾಡೋಕೆ ಬರೆದಿರ್ಬೇಕು. ಮೈಕನ್ನ ನೀರಲ್ಲಿ ಯಾರು ಹಾಕ್ತಾರೆ?"

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಗಿಲ ಹತ್ತಿರದ ಛತ್ರಿ ಡಬ್ಬವನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕುರ್ಚಿ ಹಿಡಿದುಕೊಂಡು ಕೂತೇಬಿಟ್ಟರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅಯ್ಯೋ ನಿಮ್ಮ ಓದು ಸುಡ್ತು! ಹಾಲು ಅಂದ್ರೆ ಹಾಲು ಕಣೇ! ಕುಡಿಯೋ ಹಾಲು! ನಿಮ್ಮ ತಾತನ ಅಂಗಡೀಲಿ ಎರಡು ಕ್ಯಾನ್ ಇತ್ತು. ಒಂದು ಹಾಲಿಗೆ, ಒಂದು ತೊಳೆಯೋ ನೀರಿಗೆ. ಹಾಲಿಗೆ ನೀರು ಬೆರೆಸ್ತಾನೆ ಅಂತ ಯಾರೂ ಬಾಯಿ ಬಿಡಬಾರದು ಅಂತ ಅವುಗಳ ಮೇಲೆ ದೊಡ್ಡದಾಗಿ ಹಾಲು, ನೀರು ಅಂತ ಬರೆಸಿದ್ದರು. ನಾವು ಅವನ್ನ ಹಾಗೇ ಕರೀತಿದ್ದಿದ್ದು. ಹಾಲು ತೊಳೆದಾಯ್ತಾ, ನೀರು ಮಗುಚಿಟ್ಟೆಯಾ ಅಂತ. ಖಾಲಿ ಕ್ಯಾನಿನೊಳಗೆ ಮೈಕ್ ಇಳಿಬಿಡ್ತಿದ್ದಳು ನಿಮ್ಮಮ್ಮ. ಅದರ ಬಾಯಿ ತಿಕ್ಕಿ ತಿಕ್ಕಿ ನನ್ನ ಕೈ ಸವೆದಿತ್ತು, ನನಗೆ ಗೊತ್ತಿಲ್ವಾ?"

ಛತ್ರಿ ಡಬ್ಬವನ್ನು ನಾನು ಎಳೆದು ಬೆಳಕಿಗೆ ತಂದೆ. ಹಸಿರು ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದಾಗ ಕೆಳಗಿನಿಂದ ಒಂದು ಕೆಂಪು "ಹಾ" ಎದ್ದುಬಂತು. ಹಾಲಿನಲ್ಲೇ ಇದ್ದ ಹಾಲನ್ನು ಬಿಟ್ಟು ನಾವು ಊರ ಹಾಲುಗಳನ್ನೆಲ್ಲ ಸುತ್ತಿದ್ದೆವು. ಇಪ್ಪತ್ತು ವರ್ಷ ಮೈಕುಗಳ ನಡುವೆಯೇ ಬದುಕಿದ ನಾನು ಆ ಸಾಲನ್ನು ನೋಡಿದಾಗೆಲ್ಲ ಹಾಲ್ ಎಂದೇ ಓದಿದ್ದೆ. ತಾತನ ಅಂಗಡಿಯಲ್ಲಿ ಬೆಳೆದ ಮಾವನೂ ಹಾಗೇ ಓದಿದ. ಉದ್ದದ ವೈರು ಅಂಗಡಿಯ ಮುಂದೆ ಇಟ್ಟ ಖಾಲಿ ಕ್ಯಾನಿನ ತನಕ ಹೋಗುತ್ತಿತ್ತು, ಅಷ್ಟೇ.

ಛತ್ರಿಗಳನ್ನೆಲ್ಲ ನೆಲಕ್ಕೆ ಸುರಿದು, ಕ್ಯಾನನ್ನು ನನ್ನ ಅಂಗಡಿಗೆ ಹೊತ್ತುಕೊಂಡು ಹೋದೆವು. ಮೈಕನ್ನು ಅದರ ಕುತ್ತಿಗೆಯೊಳಗೆ ಇಳಿಬಿಟ್ಟು, ಕ್ಯಾನಿನ ಬಾಯಿಯನ್ನು ಆಂಪಿನ ಕಡೆಗೆ ತಿರುಗಿಸಿದೆ. ಮಾವ ಕಣ್ಣು ಮುಚ್ಚಿ ಮೊದಲ ಸ್ವರ ಎಳೆದ. ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ನನ್ನ ತೋಳಿನ ಕೂದಲು ನೆಟ್ಟಗಾಯಿತು. ಅದೇ ಗದ್ದಲ, ಅದರ ಮೇಲೆ ಅದೇ ಲೋಹದ ಗಂಟಲು. ರೆಕಾರ್ಡ್ ಮಾಡಿದ್ದನ್ನು ಹಾಕಿದೆ. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನನಗೆ ಕುಣಿಯುವಷ್ಟು ಖುಷಿ. ಮಾವನ ಕಡೆ ತಿರುಗಿದೆ.

"ಊಹುಂ" ಅಂದ ಮಾವ. "ಇದಲ್ಲ. ಮೊದಲಿನದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ನನ್ನ ಪಿತ್ತ ನೆತ್ತಿಗೇರಿತು. ಮೂರು ವಾರದ ಕೆಲಸ, ನಾಲ್ಕು ಹಾಲು, ಒಬ್ಬ ಗ್ರಂಥಪಾಲಕ, ಮುರಿದ ಸೊಂಟ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಸರಿ, ಒಂದು ಸಣ್ಣ ಬದಲಾವಣೆ ಮಾಡಿದೀನಿ, ಇದನ್ನ ಕೇಳು" ಎಂದು ಸುಳ್ಳು ಹೇಳಿ, ಅಮ್ಮನ ಹಳೆಯ ಟೇಪನ್ನೇ ಹಾಕಿದೆ.

ಮಾವ ತಲೆ ಬಗ್ಗಿಸಿ ಪೂರ್ತಿ ಕೇಳಿದ.

"ಬಾರಿಸಿರೋದು ಮಾತ್ರ ಚೆನ್ನಾಗಿದೆ. ಇವತ್ತು ಕೈ ಹಿಡಿತಕ್ಕೆ ಬಂದಿದೆ ನಂದು. ಶಬ್ದ ಮಾತ್ರ ಇನ್ನೂ ಅದಲ್ಲ ಕಣೇ" ಅಂದ.

ಅವನು ಮಾತಾಡುತ್ತಿರುವಾಗಲೇ ಟೇಪು ಮುಂದೆ ಸಾಗಿತ್ತು. ನಿಲ್ಲಿಸಲು ಮರೆತಿದ್ದೆ. ಗಿಟಾರ್ ಅಡಗಿ, ಒಂದು ಬಾಗಿಲು ತೆರೆದ ಸದ್ದಾಗಿ, ದೂರದಿಂದ ಅಮ್ಮ ಕೂಗಿದಳು. ತೆಳ್ಳಗೆ, ಚೂಪಾಗಿ, ಬೈಗುಳವೂ ನಗುವೂ ಬೆರೆತ ಆ ಒಂದು ಮಾತು. ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ಮಾವ ಮುರಿದು ಅಂಟಿಸಿದ ಕನ್ನಡಕವನ್ನು ತೆಗೆದು, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸುತ್ತ ಕೂತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಆಗ ನನ್ನ ಕೋಪವೆಲ್ಲ ಜರ್ರನೆ ಇಳಿಯಿತು. ಅವನು ಇಷ್ಟು ದಿನ ಅದಲ್ಲ ಅದಲ್ಲ ಅಂದದ್ದು ಹಠದಿಂದಲ್ಲ. ಆ ಕೂಗು ಇದ್ದದ್ದೇ ಅವನ ಕಿವಿ ಬಿಟ್ಟುಕೊಟ್ಟ ಚೂಪಿನ ಜಾಗದಲ್ಲಿ. ನಾನು ಇನ್ನೂ ನೂರು ಆಂಪು ಕಟ್ಟಿದರೂ ಬರಿಗಿವಿಗೆ ಅದು ಸಿಗುವುದು ಸಾಧ್ಯವಿರಲಿಲ್ಲ. ತಲೆಯಲ್ಲಿದ್ದ ಶಬ್ದವನ್ನು ಅವನು ಹೊರಗೆ ಹುಡುಕುತ್ತಿದ್ದ, ಹೊರಗಿನ ಬಾಗಿಲೇ ಮುಚ್ಚಿತ್ತು.

ಅವನ ಎದುರು ಕುರ್ಚಿ ಎಳೆದುಕೊಂಡು ಕೂತು, ಮುಖಕ್ಕೆ ಮುಖ ಕೊಟ್ಟು ಹೇಳಿದೆ. "ಮಾವ, ಈಗ ನೀನು ಅದಲ್ಲ ಅಂದೆಯಲ್ಲ, ಅದು ಅಮ್ಮನ ಟೇಪು."

ಅವನು ಮೊದಲು ನಕ್ಕ. ನಾನು ನಗದೇ ಇದ್ದದ್ದು ನೋಡಿ ಅತ್ತೆಯ ಕಡೆ ತಿರುಗಿದ. ಅತ್ತೆಯ ಕಣ್ಣು ನೋಡಿ, "ನೀನ್ಯಾಕೆ ಅಳ್ತಿದೀಯ?" ಎಂದು ಅವರನ್ನು ಕೇಳಿದ.

"ಕೊನೇಲಿ ಅತ್ತಿಗೆ ಮಾತಾಡಿದ್ರು. ನಿಮಗೆ ಕೇಳಿಸಲಿಲ್ಲ."

"ಅಕ್ಕನಾ? ಇದರಲ್ಲಾ? ಏನಂದ್ಲು?" ಮಾವ ಎದ್ದು ನಿಂತಿದ್ದ. "ಇನ್ನೊಂದು ಸಲ ಹಾಕು. ಜೋರಾಗಿ ಹಾಕು."

ಹಾಕಿದೆ. ಸ್ಪೀಕರಿಗೆ ಕಿವಿಯಾನಿಸಿ, ಉಸಿರು ಬಿಗಿಹಿಡಿದು ಕೇಳಿದ. ಬಾಗಿಲು ತೆರೆದದ್ದು ಕೇಳಿಸಿತಂತೆ. ಆಮೇಲೆ ಏನೋ ಗೊಣಗಿದ ಹಾಗಾಯಿತಂತೆ. ಮೂರು ಸಲ ಹಾಕಿದರೂ ಅಷ್ಟೇ.

"ಏನಂದ್ಲು ಹೇಳೇ."

"ಹೇಳಲ್ಲ" ಅಂದೆ. "ಜಪ್ಪಯ್ಯ ಅಂದ್ರೂ ಹೇಳಲ್ಲ. ಅತ್ತೆನೂ ಹೇಳಲ್ಲ. ಮೆಷಿನ್ ಹಾಕಿಸ್ಕೊಂಡು ಬಂದು ನೀನೇ ಕೇಳ್ಕೋ."

ಮಾವ ನನ್ನನ್ನು ಒಂದಷ್ಟು ಬೈದ. ಎಲ್ಲ ಥೇಟ್ ಅಮ್ಮನ ಥರ, ಅದೇ ಮೊಂಡುತನ, ಹಿರಿಯರಿಗೆ ಮರ್ಯಾದೆ ಇಲ್ಲ ಅಂದ. ಮಾರನೆಯ ದಿನ ಬೆಳಿಗ್ಗೆ ಡಾಕ್ಟರಮ್ಮನ ಬಾಗಿಲು ತೆರೆಯುವ ಮೊದಲೇ ಅಲ್ಲಿ ಹೋಗಿ ನಿಂತಿದ್ದನಂತೆ.

ಮೆಷಿನ್ ಕಿವಿಗೆ ಬಂದದ್ದು ಹತ್ತು ದಿನಗಳ ನಂತರ. ಅವತ್ತು ಅಲ್ಲಿಂದ ನನ್ನ ಅಂಗಡಿಗೆ ಮೂವರೂ ನಡೆದುಕೊಂಡು ಬಂದೆವು. ದಾರಿಯುದ್ದಕ್ಕೂ ಮಾವನ ದೂರು. "ನನ್ನ ಚಪ್ಪಲಿ ಯಾವಾಗಿಂದ ಹೀಗೆ ಕಿರುಗುಟ್ಟುತ್ತೆ? ನಿನ್ನ ಕೈಲಿರೋ ಚೀಲ ಯಾಕೆ ಅಷ್ಟು ಗಲಾಟೆ ಮಾಡುತ್ತೆ?" ಹಿಂದೆ ಒಂದು ಸೈಕಲ್ ಬೆಲ್ ಆಯಿತು. ಮಾವ ಎಗರಿ ಪಕ್ಕಕ್ಕೆ ನಿಂತು, ಸೈಕಲ್ಲಿನವನಿಗೆ ತಲೆಬಾಗಿ ದಾರಿ ಬಿಟ್ಟ. ಅವನು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತಿದ್ದ. ಅತ್ತೆ ಅವನಿಗೆ ಕಾಣದ ಹಾಗೆ ಹಿಂದಿನಿಂದ, ಪಿಸುದನಿಯಲ್ಲಿ, "ಹೋಗ್ತಾ ಸೊಪ್ಪು ತಗೋಬೇಕು" ಅಂದರು.

"ತಗೊಳ್ಳೋಣ. ಉಪ್ಪು ಮನೇಲಿ ಬೇಕಾದಷ್ಟಿದೆ" ಅಂದ ಮಾವ, ತಿರುಗದೆ.

ಅಂಗಡಿಯಲ್ಲಿ ಆಂಪು, ಕ್ಯಾನು, ಮೈಕು ಎಲ್ಲ ಹಾಗೇ ಇಟ್ಟು, ಮೈಕಿನ ಸದ್ದು ನೇರ ಸ್ಪೀಕರಿಗೆ ಬರುವ ಹಾಗೆ ಜೋಡಿಸಿದ್ದೆ. ಮಾವ ಗಿಟಾರ್ ಹಾಕಿಕೊಂಡು ಕಣ್ಣು ಮುಚ್ಚಿದ. ಮೊದಲ ಸ್ವರಕ್ಕೇ ಕಣ್ಣು ತೆರೆದುಬಿಟ್ಟ. ಆಮೇಲೆ ಮುಚ್ಚಲೇ ಇಲ್ಲ. ಕ್ಯಾನನ್ನೇ ನೋಡುತ್ತ ಕೊನೆಯ ತನಕ ಬಾರಿಸಿದ. ಅರವತ್ತೆಂಟು ವರ್ಷದವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ.

ನಿಲ್ಲಿಸಿದವನು ಮೆಲ್ಲಗೆ, "ಅವತ್ತೂ ಹೀಗೇ ಇತ್ತಾ?" ಅಂದ.

"ಹೀಗೇ ಇತ್ತು."

"ನಿನಗೆ ಸುಮ್ನೆ ತೊಂದರೆ ಕೊಟ್ಟೆ."

"ಕೊಟ್ಟೆ. ನನ್ನ ಸೊಂಟ ಇನ್ನೂ ನೋಯ್ತಿದೆ" ಅಂದೆ. ಅವನು ನಕ್ಕು, ಗಿಟಾರನ್ನು ಕೆಳಗಿಟ್ಟು, ಸ್ಪೀಕರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡ.

"ಈಗ ಟೇಪು ಹಾಕು."

ಹಾಕಿದೆ. ನಿಲ್ಲಿಸುವ ಗುಂಡಿಯಿಂದ ಕೈ ದೂರ ಇಟ್ಟುಕೊಂಡೆ. ಗಿಟಾರ್ ಗುಡುಗಿ, ಕೂಗಿ, ನಿಧಾನವಾಗಿ ಅಡಗಿತು. ಬಾಗಿಲು ತೆರೆಯಿತು. ಮೂವತ್ತೊಂಬತ್ತು ವರ್ಷದ ಹಿಂದಿನ ಅಂಗಡಿಯಿಂದ ನನ್ನ ಅಮ್ಮ ಕೂಗಿದಳು:

"ಸಾಕು ನಿಲ್ಸೋ! ಕಿವಿ ಹೋಗುತ್ತೆ ಕಣೋ ನಿಂದು!"

ಟೇಪು ಖಾಲಿ ಸುತ್ತತೊಡಗಿತು. ಮಾವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಆಮೇಲೆ ಸ್ಪೀಕರಿನ ಕಡೆಗೆ ಬಾಗಿ, ಒಳಗಿನ ಕೋಣೆಯಲ್ಲಿರುವವರಿಗೆ ಹೇಳುವ ಹಾಗೆ ಉತ್ತರ ಕೊಟ್ಟ.

"ಹೋಯ್ತು ಕಣಕ್ಕ. ಹೋಗಿ ಬಂತು."